ದಹನ ಕೋಣೆಯ ವಿನ್ಯಾಸ ಮತ್ತು ವಾಯು-ಇಂಧನ ಮಿಶ್ರಣ

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ತಲೆಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಉಳಿಯುವ, ಮಿಶ್ರಣವು ಹೊತ್ತಿ ಉರಿಯುವ ಜಾಗವನ್ನು ದಹನ ಕೋಣೆ ಎನ್ನುತ್ತಾರೆ. ಎಂಜಿನ್ ಎಷ್ಟು ತೆಳುವಾದ ಮಿಶ್ರಣವನ್ನು ತಾಳಬಲ್ಲದು ಎಂಬುದನ್ನು ಈ ಕೋಣೆಯ ಆಕಾರವು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ಒಂದು ಎಂಜಿನ್ನಿಗೆ ಒಪ್ಪುವ ಮಿಶ್ರಣದ ಹೊಂದಾಣಿಕೆಯು ಅದೇ ಗಾತ್ರದ ಇನ್ನೊಂದಕ್ಕೆ ಒಪ್ಪಬೇಕೆಂದಿಲ್ಲ.

ಜ್ವಾಲೆಯ ವೇಗ

1 ಭಾಗ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಇಂಧನವು ಇದಕ್ಕಿಂತ ಹೆಚ್ಚಿದ್ದರೆ ಮಿಶ್ರಣವು ಸಾಂದ್ರ, ಕಡಿಮೆಯಿದ್ದರೆ ತೆಳು. ಗರಿಷ್ಠ ಶಕ್ತಿಯು ಸಾಂದ್ರ ಬದಿಯಲ್ಲಿ, ಇಂಧನದ ಉಳಿತಾಯವು ತೆಳು ಬದಿಯಲ್ಲಿ ದೊರೆಯುತ್ತದೆ. ಆದರೆ ತೆಳು ಮಿಶ್ರಣದಲ್ಲಿ ಜ್ವಾಲೆಯು ನಿಧಾನವಾಗಿ ಹರಡುತ್ತದೆ. ಮಿತಿ ಮೀರಿದರೆ ಕಿಡಿ ಹಾರಿದರೂ ಮಿಶ್ರಣ ಹೊತ್ತಿಕೊಳ್ಳುವುದಿಲ್ಲ.

ಬ್ರಿಟಿಷ್ ಎಂಜಿನಿಯರ್ ಹ್ಯಾರಿ ರಿಕಾರ್ಡೊ 1919ರ ಸುಮಾರಿಗೆ ಪಕ್ಕ-ಕವಾಟದ ಎಂಜಿನ್ನುಗಳಿಗೆ ಇದಕ್ಕೊಂದು ಪರಿಹಾರ ರೂಪಿಸಿದರು. ಹೆಡ್ಡಿನ ಒಂದು ಭಾಗವನ್ನು ಪಿಸ್ಟನ್ನಿಗೆ ತೀರ ಹತ್ತಿರ ತಂದಾಗ, ಅಲ್ಲಿದ್ದ ಅನಿಲವು ಹಿಂಡಲ್ಪಟ್ಟು ಕವಾಟಗಳ ಮೇಲಿನ ಚಿಕ್ಕ ಕೋಣೆಗೆ ರಭಸದಿಂದ ನುಗ್ಗುತ್ತದೆ. ಈ ಕಲಕಾಟದಿಂದ ದಹನವು ಚುರುಕಾಗುತ್ತದೆ, ಕಿಡಿಯನ್ನು ಅಷ್ಟು ಮುಂಚಿತವಾಗಿ ಹಾರಿಸಬೇಕಾಗುವುದಿಲ್ಲ. ಇದಕ್ಕೆ ಬೆಲೆಯೂ ಉಂಟು: ಇಕ್ಕಟ್ಟಿನ ತಣ್ಣನೆಯ ಗೋಡೆಗಳ ಬಳಿ ಜ್ವಾಲೆ ಆರಿಹೋಗಿ, ಉರಿಯದ ಹೈಡ್ರೋಕಾರ್ಬನ್ನುಗಳು ಹೊಗೆಕೊಳವೆ ಸೇರುತ್ತವೆ. ಭಾರತದಲ್ಲಿ ಪರಿಚಿತವಾದ ಬಜಾಜ್ ಪಲ್ಸರ್‌ನ ಡಿಟಿಎಸ್-ಐ ಎಂಜಿನ್ ಬೇರೆ ದಾರಿ ಹಿಡಿಯಿತು. ಅದರ ಎರಡು ಸ್ಪಾರ್ಕ್ ಪ್ಲಗ್‌ಗಳು ಜ್ವಾಲೆ ಕ್ರಮಿಸಬೇಕಾದ ದೂರವನ್ನು ತಗ್ಗಿಸುತ್ತವೆ.

ಹೋಂಡಾ ಸಿವಿಸಿಸಿ

ಕೋಣೆ ಮತ್ತು ಮಿಶ್ರಣಗಳನ್ನು ಒಟ್ಟಿಗೇ ವಿನ್ಯಾಸಗೊಳಿಸಿದ ಪ್ರಸಿದ್ಧ ನಿದರ್ಶನವೆಂದರೆ ಜಪಾನಿನ ಹೋಂಡಾ 1972ರಲ್ಲಿ ಪ್ರಕಟಿಸಿದ ಸಿವಿಸಿಸಿ ಎಂಜಿನ್. ಅಮೆರಿಕದ 1970ರ ಶುದ್ಧ ವಾಯು ಕಾಯ್ದೆಯ ಮಿತಿಗಳನ್ನು ಪಾಲಿಸುವುದು ಅಸಾಧ್ಯವೆಂದು ದೊಡ್ಡ ತಯಾರಕರು ವಾದಿಸುತ್ತಿದ್ದ ಕಾಲವದು. ಸಿವಿಸಿಸಿಯಲ್ಲಿ ಮುಖ್ಯ ಕೋಣೆಗೆ ತೆಳು ಮಿಶ್ರಣವೂ, ಪ್ಲಗ್ ಇರುವ ಪುಟ್ಟ ಉಪಕೋಣೆಗೆ ಪ್ರತ್ಯೇಕ ಕವಾಟದ ಮೂಲಕ ಸಾಂದ್ರ ಮಿಶ್ರಣವೂ ಬರುತ್ತಿದ್ದವು. ಉಪಕೋಣೆಯಲ್ಲಿ ಸುಲಭವಾಗಿ ಹೊತ್ತಿದ ಜ್ವಾಲೆಯು ಹೊರನುಗ್ಗಿ, ಕಿಡಿಯೊಂದರಿಂದಲೇ ಹೊತ್ತಲಾರದಷ್ಟು ತೆಳುವಾದ ಮಿಶ್ರಣವನ್ನೂ ಉರಿಸುತ್ತಿತ್ತು. ಹೀಗೆ ವೇಗವರ್ಧಕ ಪರಿವರ್ತಕದ ನೆರವಿಲ್ಲದೆಯೇ 1975ರ ಮಿತಿಗಳನ್ನು ಅದು ತಲುಪಿತು.

ಮುಂದೆ ಬಂದ ತ್ರಿಮುಖ ಪರಿವರ್ತಕಗಳು ಸರಿಯಾಗಿ ಕೆಲಸ ಮಾಡಲು ಮಿಶ್ರಣವು 14.7ರ ಆಸುಪಾಸಿನಲ್ಲೇ ಇರಬೇಕಾಗಿತ್ತು. ಆಮ್ಲಜನಕ ಸಂವೇದಕವನ್ನು ಆಧರಿಸಿದ ವಿದ್ಯುನ್ಮಾನ ಇಂಧನ ಪೂರೈಕೆಯು ಇದನ್ನು ಸಾಧ್ಯವಾಗಿಸಿದ ಬಳಿಕ, ಹೋಂಡಾ ಕೂಡ ಸಿವಿಸಿಸಿಯನ್ನು ಕೈಬಿಟ್ಟಿತು.