ಹಾಲು ಕುಡಿದರೂ ಮಗು ಮಲಗುವುದಿಲ್ಲ, ಎಂತ ಮಾಡುವುದು?

ರಾತ್ರಿ ಎರಡೂವರೆ ಗಂಟೆ. ಹೊರಗೆ ಮಳೆ, ಇಡೀ ಮನೆ ನಿದ್ದೆಯಲ್ಲಿದೆ. ಮೂರು ವಾರದ ಮಗು ಹಾಲು ಕುಡಿದು ಉಮ್ಮನ ಎದೆಯಲ್ಲೇ ಕಣ್ಣು ಮುಚ್ಚಿದೆ. ಮೆಲ್ಲ ತೊಟ್ಟಿಲಲ್ಲಿ ಇಟ್ಟ ಕೂಡಲೇ ಪುನಃ ಅಳು ಶುರು. ಆಗ ಪಕ್ಕದ ಕೋಣೆಯಿಂದ ಒಂದು ಮಾತು ಬರುತ್ತದೆ: "ನಿನ್ನ ಹಾಲು ಸಾಕಾಗುವುದಿಲ್ಲ ಮಗಳೇ, ಅದಕ್ಕೇ ಮಗು ಕೂಗುವುದು." ಮರುದಿನ ಮಧ್ಯಾಹ್ನದೊಳಗೆ ಮೆಡಿಕಲ್‌ನಿಂದ ಪೌಡರ್ ಹಾಲಿನ ಡಬ್ಬಿ ಮನೆಗೆ ಬಂದಾಗಿರುತ್ತದೆ.

ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಆಗಿಲ್ಲ ಹೇಳಿ? ಆ ಮಾತು ಹೇಳಿದವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಆದರೆ ಎದೆಹಾಲು ಊರುವುದು ಮಗು ಚೀಪಿದ ಲೆಕ್ಕದಲ್ಲಿ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಮಗು ಎದೆಯಲ್ಲಿ ಕಡಿಮೆ ಚೀಪುತ್ತದೆ, ಕಡಿಮೆ ಚೀಪಿದರೆ ಹಾಲೂ ಕಡಿಮೆಯಾಗುತ್ತದೆ. ಸುಳ್ಳಾಗಿದ್ದ ಮಾತು ಹದಿನೈದು ದಿನದಲ್ಲಿ ನಿಜ ಆಗಿಬಿಡುತ್ತದೆ. ಹಾಗಾಗಿ ಡಬ್ಬಿ ತರುವ ಮೊದಲು ಕೆಲವು ವಿಷಯ ತಿಳಿದುಕೊಳ್ಳೋಣ.

ಅದು ಹಸಿವೆಯೇ ಆಗಬೇಕೆಂದಿಲ್ಲ

ಹೊಸದಾಗಿ ಹುಟ್ಟಿದ ಮಗು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗುತ್ತದೆ. ಆದರೆ ಒಂದೇ ಸಮ ಅಲ್ಲ, ತುಂಡು ತುಂಡಾಗಿ. ಅದರ ಹೊಟ್ಟೆ ಸಣ್ಣದು, ತಾಯಿ ಹಾಲು ಬೇಗ ಜೀರ್ಣವಾಗುತ್ತದೆ. ಹಾಗಾಗಿ 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳುವುದು ಸಹಜ. ಹಗಲು ಯಾವುದು, ರಾತ್ರಿ ಯಾವುದು ಎಂಬುದು ಅದಕ್ಕೆ ಗೊತ್ತಾಗಲು ಎರಡು ಮೂರು ತಿಂಗಳು ಬೇಕು.

ಸಂಜೆ ಹೊತ್ತು ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಹಾಲು ಕೇಳುವ ಮಕ್ಕಳು ಬಹಳ ಇದ್ದಾರೆ. ಹಾಲು ಬತ್ತಿದೆ ಎಂದು ಅದರ ಅರ್ಥ ಅಲ್ಲ. ಅಳು ಆರನೇ ವಾರದ ಹೊತ್ತಿಗೆ ಹೆಚ್ಚಾಗಿ, ಆಮೇಲೆ ತನ್ನಿಂತಾನೇ ಇಳಿಯುತ್ತದೆ. ನಲವತ್ತು ಮುಗಿಸಿ ಎದ್ದ ಬಾಣಂತಿಗೆ "ಈಗಲೂ ಅಳ್ತದಲ್ಲ!" ಎಂದು ಗಾಬರಿ ಆಗುವುದು ಸರಿಯಾಗಿ ಆ ಹೊತ್ತಿಗೇ.

ಹಾಲು ಸಾಕಾಗುತ್ತದೆಯೋ ಇಲ್ಲವೋ ಎಂದು ನೋಡುವ ದಾರಿ ಬೇರೆಯೇ ಇದೆ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಮಗು ಚೆನ್ನಾಗಿ ಮೂತ್ರ ಮಾಡಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದರೂ ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವ ವ್ಯವಸ್ಥೆ ಇದೆ. ಬಂದಾಗ ಕೇಳಿ ತೂಕ ಹಾಕಿಸಿ. ತೂಕ ಏರುತ್ತಿದ್ದರೆ ಹಾಲು ಸಾಕಾಗಿದೆ ಎಂದೇ ಅರ್ಥ. ಏರದಿದ್ದರೆ ಅಂದಾಜು ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ಅವರು ಮೇಲು ಹಾಲು ಬೇಕೆಂದರೆ ಕೊಡಲೇಬೇಕು, ಅದರಲ್ಲಿ ನಾಚಿಕೆ ಏನಿಲ್ಲ.

ಮಲಗಿಸುವ ಕೆಲವು ಉಪಾಯ

ಮೊದಲು ಹಾಲು ಕುಡಿಯುವ ರೀತಿ ನೋಡಿ. ಮಗು ಬರೀ ತೊಟ್ಟನ್ನು ಕಚ್ಚಿದರೆ ಹಾಲು ಸರಿಯಾಗಿ ಬರುವುದಿಲ್ಲ, ತಾಯಿಗೆ ನೋವೂ ಆಗುತ್ತದೆ. ಬಾಯಿ ದೊಡ್ಡದಾಗಿ ತೆರೆದು, ತೊಟ್ಟಿನ ಸುತ್ತದ ಕಪ್ಪು ಭಾಗವೂ ಒಳಗೆ ಹೋಗಬೇಕು. ನುಂಗುವ ಸದ್ದು ಕೇಳಬೇಕು. ಒಂದು ಎದೆ ಪೂರ್ತಿ ಕುಡಿಸಿ, ಆಮೇಲೆ ಇನ್ನೊಂದು ಕೊಡಿ. ನಡುವೆ ಭುಜದ ಮೇಲೆ ಹಾಕಿ ಬೆನ್ನು ಸವರಿ ತೇಗಿಸಿ.

ಕಣ್ಣು ಮುಚ್ಚಿದ ಕೂಡಲೇ ತೊಟ್ಟಿಲಿಗೆ ಹಾಕುವ ಅವಸರ ಬೇಡ. ನಿದ್ದೆಯ ಮೊದಲ ಹೊತ್ತಿನಲ್ಲಿ ರೆಪ್ಪೆ ಅಲುಗುತ್ತದೆ, ತುಟಿ ನಗುತ್ತದೆ, ಕೈ ಬೆಚ್ಚುತ್ತದೆ. ಆಗ ಇಟ್ಟರೆ ಏಳುವುದು ಖಂಡಿತ. ಹದಿನೈದು ಇಪ್ಪತ್ತು ನಿಮಿಷ ಕಾದು, ಕೈ ಎತ್ತಿ ಬಿಟ್ಟರೆ ಜೋತು ಬೀಳುವಷ್ಟು ಸಡಿಲವಾದ ಮೇಲೆ ಮೆಲ್ಲ ಇಡಿ. ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ನಿಮ್ಮ ಕೈ ಸ್ವಲ್ಪ ಹೊತ್ತು ಎದೆಯ ಮೇಲೆ ಇರಲಿ.

ರಾತ್ರಿ ಮಗು ಮುಲುಗಿದರೆ, ಕೊಸರಾಡಿದರೆ ಕೂಡಲೇ ಎತ್ತಬೇಡಿ. ಎಷ್ಟೋ ಸಲ ಅದು ನಿದ್ದೆಯಲ್ಲೇ ಮಾಡುವ ಸದ್ದು. ರಾತ್ರಿ ಹಾಲು ಕೊಡುವಾಗ ಮಂದ ಬೆಳಕು ಸಾಕು. ಮಾತು ಬೇಡ, ಗಲ್ಫಿನ ವಿಡಿಯೋ ಕಾಲ್ ಹಗಲಿಗಿರಲಿ. ಹಗಲು ಕಿಟಕಿ ತೆರೆದಿಡಿ, ಮನೆಯ ಸದ್ದು ಇರಲಿ. ಹೀಗೆ ಮಾಡಿದರೆ ಹಗಲು ರಾತ್ರಿಯ ವ್ಯತ್ಯಾಸ ಬೇಗ ಕಲಿಯುತ್ತದೆ.

ಅಖೀಖಾದ ದಿನ, ಮಗು ನೋಡಲು ನೆಂಟರು ಬಂದ ದಿನ ರಾತ್ರಿ ಹಠ ಜಾಸ್ತಿ ಯಾಕೆ? ಹತ್ತು ಕೈ ದಾಟಿದ ಮಗುವಿಗೆ ಸುಸ್ತು ಮಿತಿ ಮೀರಿರುತ್ತದೆ. ಅಂಥ ದಿನ ನಡುನಡುವೆ ಮಗುವನ್ನು ಒಳಗೆ ಕರೆದುಕೊಂಡು ಹೋಗಿ, ಉಮ್ಮನ ಮೈಗೆ ಅಂಟಿಸಿ ಮಲಗಿಸಿ.

ಇವನ್ನು ಮಾತ್ರ ಮಾಡಲೇಬೇಡಿ

ನಿದ್ದೆ ಬರಲಿ ಎಂದು ಗಸಗಸೆ ಅರೆದು ಕೊಡುವುದು, ಕೆಮ್ಮಿನ ಸಿರಪ್ ಕೊಡುವುದು ಅಪಾಯ. ಇವು ಎಳೆ ಮಗುವಿನ ಉಸಿರಾಟವನ್ನೇ ನಿಧಾನ ಮಾಡಬಹುದು. ಒಂದು ವರ್ಷದೊಳಗೆ ಜೇನು ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಮಗುವಿನ ಕರುಳಿನಲ್ಲಿ ಬೆಳೆದು ಸ್ನಾಯುಗಳ ಶಕ್ತಿಯನ್ನೇ ಕುಂದಿಸುತ್ತದೆ. ಆರು ತಿಂಗಳವರೆಗೆ ನೀರೂ ಬೇಡ, ಗ್ರೈಪ್ ವಾಟರೂ ಬೇಡ, ಎದೆಹಾಲು ಮಾತ್ರ ಸಾಕು. ನಮ್ಮ ಕರಾವಳಿಯ ಸೆಕೆಯಲ್ಲೂ ಹಾಲಿನಲ್ಲಿಯೇ ಬೇಕಾದಷ್ಟು ನೀರಿದೆ.

ಯಾವಾಗಲೂ ಅಂಗಾತ ಮಲಗಿಸಿ, ಕವುಚಿ ಬೇಡ. ಹಾಸಿಗೆ ಗಟ್ಟಿ ಇರಲಿ, ಪಕ್ಕದಲ್ಲಿ ದಿಂಬು, ದಪ್ಪ ಕಂಬಳಿ ಬೇಡ. ಬಟ್ಟೆ ಸುತ್ತುವುದಾದರೆ ಕಾಲು ಮಡಚಿ ಅಗಲಿಸುವಷ್ಟು ಜಾಗ ಬಿಡಿ, ಎಳೆದು ಕಟ್ಟಿದರೆ ಸೊಂಟದ ಕೀಲಿಗೆ ತೊಂದರೆ. ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ.

ಜ್ವರ ಇದ್ದರೆ, ಹಾಲು ಕುಡಿಯಲು ಎಬ್ಬಿಸಿದರೂ ಏಳದಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಉಸಿರಾಟ ಜೋರಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯಬೇಡಿ. "ಪಾಪ, ಚೆನ್ನಾಗಿ ಮಲಗಿದೆ" ಎಂದು ಸಮಾಧಾನ ಪಟ್ಟುಕೊಳ್ಳುವ ಹೊತ್ತು ಅದಲ್ಲ. ಆಸ್ಪತ್ರೆಗೆ ಹೊರಡಿ, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಉಮ್ಮನೂ ಮಲಗಬೇಕಲ್ಲ

ಇಷ್ಟೆಲ್ಲ ಮಾಡಿದರೂ ಕೆಲವು ರಾತ್ರಿ ಮಗು ಮಲಗುವುದೇ ಇಲ್ಲ. ಅದು ಯಾರ ತಪ್ಪೂ ಅಲ್ಲ. ಹಾಲು ಕೊಡುವುದು ತಾಯಿ ಮಾತ್ರ ಮಾಡುವ ಕೆಲಸ ಇರಬಹುದು. ತೇಗಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ನಡೆಯುವುದು ಅಜ್ಜಿ, ಅತ್ತೆ, ನಾದಿನಿ, ಊರಲ್ಲಿದ್ದರೆ ಗಂಡ, ಎಲ್ಲರಿಗೂ ಬರುವ ಕೆಲಸವೇ. ಸುಬಹಿ ಬಾಂಗಿಗೆ ಎದ್ದವರು ಮಗುವನ್ನು ಎರಡು ಗಂಟೆ ನೋಡಿಕೊಂಡರೆ ತಾಯಿಗೆ ಒಂದು ಒಳ್ಳೆಯ ನಿದ್ದೆ ಸಿಗುತ್ತದೆ.

ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಮಗು ಬೇಡ ಅನಿಸಿದರೆ, ಎರಡು ವಾರ ಕಳೆದರೂ ಹಾಗೇ ಇದ್ದರೆ ಅದು ಸೋಮಾರಿತನವೂ ಅಲ್ಲ, ಕಣ್ಣುಬಿದ್ದದ್ದೂ ಅಲ್ಲ. ಅದಕ್ಕೆ ಮದ್ದಿದೆ. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಎರಡು ವಾರ ಕಾಯುವುದು ಬೇಡ, ತಾಯಿಯನ್ನು ಒಂಟಿಯಾಗಿ ಬಿಡದೆ ಅಂದೇ ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ನಡುರಾತ್ರಿ ಮಗು ಅತ್ತರೆ, ಪಕ್ಕದ ಕೋಣೆಯಲ್ಲಿರುವ ನಾವು ಹೇಳುವ ಮಾತು ಬದಲಾಗಲಿ. "ಹಾಲು ಸಾಕಾಗುವುದಿಲ್ಲ" ಎನ್ನುವ ಬದಲು, "ಇಲ್ಲಿ ಕೊಡು ಮಗಳೇ, ನೀನು ಸ್ವಲ್ಪ ಮಲಗು" ಎನ್ನೋಣ.