ನಾಳೆಯನ್ನು ಒತ್ತೆಯಿಟ್ಟ ಕ್ಲಬ್ಬಿನ ಕಥೆ

ಸರ್ಕಾರಿ ಸೇವೆಯಲ್ಲಿ ‘ಹಿಂಬಡ್ತಿ’ ಎಂಬುದು ನಿಯಮಾವಳಿಯ ಪುಟಗಳಲ್ಲಿ ಇದೆ; ಆಚರಣೆಯಲ್ಲಿ ಕಾಣುವುದು ಅಪರೂಪ. ಒಮ್ಮೆ ಮೇಲೇರಿದವರು ಸಾಮಾನ್ಯವಾಗಿ ಅಲ್ಲೇ ನಿವೃತ್ತರಾಗುತ್ತಾರೆ. ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆ ಈ ವಿಷಯದಲ್ಲಿ ನಿರ್ದಯಿ. ಅಲ್ಲಿನ ಪ್ರೀಮಿಯರ್ ಲೀಗಿನ ಇಪ್ಪತ್ತು ತಂಡಗಳ ಪೈಕಿ ಕೊನೆಯ ಮೂರು ತಂಡಗಳು ಪ್ರತಿವರ್ಷ ಕೆಳಗಿನ ದರ್ಜೆಗೆ ಇಳಿಯಲೇಬೇಕು. ಹಿಂದಿನ ಕೀರ್ತಿ, ಕಪಾಟಿನಲ್ಲಿರುವ ಟ್ರೋಫಿಗಳು, ಕ್ರೀಡಾಂಗಣದ ವಿಸ್ತಾರ ಯಾವುದಕ್ಕೂ ಅಲ್ಲಿ ರಿಯಾಯಿತಿ ಇಲ್ಲ.

2004ರ ಮೇ 2ರಂದು ಬೋಲ್ಟನ್ ಪಟ್ಟಣದಲ್ಲಿ ಲೀಡ್ಸ್ ಯುನೈಟೆಡ್ ಈ ನಿಯಮಕ್ಕೆ ತಲೆಬಾಗಿತು. ಅಂದು ಪೆನಾಲ್ಟಿ ಮೂಲಕ ತಂಡಕ್ಕೆ ಮುನ್ನಡೆ ತಂದುಕೊಟ್ಟ ಮಾರ್ಕ್ ವಿಡುಕಾ, ವಿರಾಮಕ್ಕೆ ಮೊದಲೇ ಕೆಂಪು ಕಾರ್ಡ್ ಪಡೆದು ಮೈದಾನ ಬಿಟ್ಟರು. ಹತ್ತು ಮಂದಿಯ ತಂಡ ದ್ವಿತೀಯಾರ್ಧದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟು 4–1ರಿಂದ ಸೋತಿತು. ಅಂಕಗಣಿತದ ಒಂದು ಸಣ್ಣ ಎಳೆಯನ್ನು ಬಿಟ್ಟರೆ ಅಂದೇ ಎಲ್ಲವೂ ಮುಗಿದಿತ್ತು. ಹದಿನಾಲ್ಕು ವರ್ಷ ಸತತವಾಗಿ ಅಗ್ರ ದರ್ಜೆಯಲ್ಲಿದ್ದ ಕ್ಲಬ್ಬು ಕೆಳಗಿಳಿಯಿತು. ಕೇವಲ ಮೂರು ವರ್ಷಗಳ ಹಿಂದೆ ಇದೇ ಕ್ಲಬ್ಬು ಯೂರೋಪಿನ ಅತ್ಯುನ್ನತ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಆಡಿತ್ತು ಎಂಬುದನ್ನು ನೆನೆದರೆ ಪತನದ ವೇಗ ಅರಿವಾಗುತ್ತದೆ.

ಆಟದಲ್ಲಿ ಸೋಲು ಗೆಲುವು ಇದ್ದದ್ದೇ. ಆದರೆ ಲೀಡ್ಸ್ ಸೋತದ್ದು ಮೊದಲು ಲೆಕ್ಕಪತ್ರದಲ್ಲಿ, ಆಮೇಲೆ ಮೈದಾನದಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಕರಣ ಇಂದಿಗೂ ಪಾಠವಾಗಿ ಉಳಿದಿರುವುದು ಈ ಕಾರಣಕ್ಕೆ.

ಉಣ್ಣೆಯ ನಗರದ ಹೆಮ್ಮೆ

ಉಣ್ಣೆ ಗಿರಣಿಗಳಿಂದ ಬೆಳೆದ ಯಾರ್ಕ್‌ಶೈರ್ ಪ್ರಾಂತ್ಯದ ಲೀಡ್ಸ್ ನಗರಕ್ಕೆ ಇರುವುದು ಇದೊಂದೇ ದೊಡ್ಡ ಫುಟ್‌ಬಾಲ್ ಕ್ಲಬ್ಬು. ಲಂಡನ್, ಮ್ಯಾಂಚೆಸ್ಟರ್, ಲಿವರ್‌ಪೂಲ್ ನಗರಗಳಲ್ಲಿ ಅಭಿಮಾನ ಹಂಚಿಹೋಗುತ್ತದೆ. ಲೀಡ್ಸ್‌ನಲ್ಲಿ ಆ ಆಯ್ಕೆಯೇ ಇಲ್ಲ. 1919ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಜನನವೂ ಹಣಕಾಸಿನ ಹಗರಣವೊಂದರ ಬೂದಿಯಿಂದ ಆದದ್ದು. ಆಟಗಾರರಿಗೆ ನಿಯಮಬಾಹಿರವಾಗಿ ಹಣ ನೀಡಿದ ಆರೋಪದ ಮೇಲೆ ಅದರ ಪೂರ್ವಜ ಲೀಡ್ಸ್ ಸಿಟಿಯನ್ನು ವಿಸರ್ಜಿಸಲಾಗಿತ್ತು. 1961ರಿಂದ 1974ರವರೆಗೆ ಡಾನ್ ರಿವಿ ವ್ಯವಸ್ಥಾಪಕರಾಗಿದ್ದ ಕಾಲ ಅದರ ಸುವರ್ಣಯುಗ. 1969 ಮತ್ತು 1974ರಲ್ಲಿ ಲೀಗ್ ಪ್ರಶಸ್ತಿ ಬಂತು. 1992ರಲ್ಲಿ, ಪ್ರೀಮಿಯರ್ ಲೀಗ್ ಆರಂಭವಾಗುವ ಮುನ್ನ ನಡೆದ ಹಳೆಯ ಪ್ರಥಮ ದರ್ಜೆಯ ಕೊನೆಯ ಋತುವಿನಲ್ಲಿ, ಮೂರನೆಯ ಬಾರಿ ಚಾಂಪಿಯನ್ ಆಯಿತು.

ಪ್ರೀಮಿಯರ್ ಲೀಗ್ ಬಂದ ಬಳಿಕ ಆಟದ ಅರ್ಥವ್ಯವಸ್ಥೆಯೇ ಬದಲಾಯಿತು. ಟೆಲಿವಿಷನ್ ಹಕ್ಕುಗಳಿಂದ ಬರುವ ಹಣ ಟಿಕೆಟ್ ಮಾರಾಟದ ಹಣವನ್ನು ಹಿಂದಿಕ್ಕತೊಡಗಿತು. ಅಗ್ರಸ್ಥಾನಗಳಲ್ಲಿ ನಿಂತವರಿಗೆ ಚಾಂಪಿಯನ್ಸ್ ಲೀಗಿನ ಬಾಗಿಲು ತೆರೆಯಿತು. ಅದರ ಹಿಂದೆ ಇನ್ನಷ್ಟು ಹಣವಿತ್ತು. ಮೇಲಿನ ಮೆಟ್ಟಿಲಿಗೂ ಅದರ ಕೆಳಗಿನ ಮೆಟ್ಟಿಲಿಗೂ ನಡುವಿನ ಅಂತರ ಕೆಲವು ಅಡಿಗಳಿಂದ ಪ್ರಪಾತದಷ್ಟಾಯಿತು.

1997ರಲ್ಲಿ ಕ್ಲಬ್ಬಿನ ಅಧ್ಯಕ್ಷರಾದ ಪೀಟರ್ ರಿಡ್ಸ್‌ಡೇಲ್ ಸ್ವತಃ ಆ ತಂಡದ ಅಭಿಮಾನಿ. 1998ರಲ್ಲಿ ತಂಡದ ಹೊಣೆ ವಹಿಸಿಕೊಂಡ ಡೇವಿಡ್ ಓಲಿಯರಿ ಎಳೆಯ ಆಟಗಾರರನ್ನು ಕಟ್ಟಿಕೊಂಡು ತಂಡವನ್ನು 1999ರಲ್ಲಿ ನಾಲ್ಕನೇ, 2000ದಲ್ಲಿ ಮೂರನೇ ಸ್ಥಾನಕ್ಕೆ ಕೊಂಡೊಯ್ದರು. ಯೂರೋಪಿನ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಎಲ್ಲವೂ ಪ್ರಶಂಸಾರ್ಹವೇ.

ಸಾಲದ ಏಣಿ

2000ದ ನವೆಂಬರ್‌ನಲ್ಲಿ ಲೀಡ್ಸ್, ರಕ್ಷಣಾ ಆಟಗಾರ ರಿಯೊ ಫರ್ಡಿನೆಂಡ್ ಅವರನ್ನು 1.8 ಕೋಟಿ ಪೌಂಡ್ ಕೊಟ್ಟು ವೆಸ್ಟ್ ಹ್ಯಾಮ್ ಕ್ಲಬ್ಬಿನಿಂದ ಕೊಂಡಿತು. ಅಂದಿಗೆ ರಕ್ಷಣಾ ಆಟಗಾರನೊಬ್ಬನಿಗೆ ಜಗತ್ತಿನಲ್ಲಿ ಯಾರೂ ಅಷ್ಟು ಹಣ ತೆತ್ತಿರಲಿಲ್ಲ. ಆ ಋತುವಿನಲ್ಲಿ ತಂಡ ಎ.ಸಿ. ಮಿಲಾನ್, ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್‌ಗಳಂಥ ಘಟಾನುಘಟಿಗಳ ಗುಂಪುಗಳನ್ನು ದಾಟಿ, ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನಿನ ಡಿಪೋರ್ಟಿವೊ ತಂಡವನ್ನು ಹೊರಗಟ್ಟಿ, ಸೆಮಿಫೈನಲ್‌ನಲ್ಲಿ ವೆಲೆನ್ಸಿಯಾಕ್ಕೆ ಸೋತಿತು. ಜನ ಹುಚ್ಚೆದ್ದು ಕುಣಿದರು. ಕುಣಿಯದೆ ಇರುವುದಾದರೂ ಹೇಗೆ?

ಆದರೆ ಈ ಏಣಿಯ ಮೆಟ್ಟಿಲುಗಳು ಸಾಲದವು. 2001ರಲ್ಲಿ ಕ್ಲಬ್ಬು 6 ಕೋಟಿ ಪೌಂಡ್ ಸಾಲ ಎತ್ತಿತು. ಆಧಾರವಾಗಿ ಇಟ್ಟದ್ದು ಮುಂದಿನ 25 ವರ್ಷಗಳ ಋತು-ಟಿಕೆಟ್ ಮಾರಾಟದ ಆದಾಯ. ಅಂದರೆ ಇನ್ನೂ ಶಾಲೆಗೆ ಸೇರದ ಮಗು ಮುಂದೊಂದು ದಿನ ತನ್ನ ಸಂಪಾದನೆಯಿಂದ ಕೊಳ್ಳಲಿರುವ ಟಿಕೆಟಿನ ಹಣವನ್ನು ಕ್ಲಬ್ಬು ಆಗಲೇ ಖರ್ಚು ಮಾಡಿತ್ತು! ಆಟಗಾರರ ಖರೀದಿಗೂ ಗುತ್ತಿಗೆ ಮಾದರಿಯ ಹಣಕಾಸು ಬಳಸಲಾಯಿತು. ಕಾರ್ಖಾನೆಗೆ ಯಂತ್ರ ತರುವ ವಿಧಾನದಲ್ಲಿ ಮೈದಾನಕ್ಕೆ ಮನುಷ್ಯರನ್ನು ತರಲಾಯಿತು.

ಭವಿಷ್ಯದ ಆದಾಯದ ಮೇಲೆ ಸಾಲ ಪಡೆಯುವುದೇ ತಪ್ಪೆಂದು ಹೇಳಲಾಗದು. ಸೇತುವೆ ಕಟ್ಟುವಾಗ, ಜಲಾಶಯ ನಿರ್ಮಿಸುವಾಗ ಸರ್ಕಾರಗಳೂ ಹಾಗೆಯೇ ಮಾಡುತ್ತವೆ. ಆದರೆ ಸೇತುವೆ ಸಾಲ ತೀರುವವರೆಗೂ ನಿಂತಿರುತ್ತದೆ. ಫುಟ್‌ಬಾಲ್ ಆಟಗಾರನ ಮೊಣಕಾಲು ಹಾಗಲ್ಲ. ಇಪ್ಪತ್ತೈದು ವರ್ಷದ ಸಾಲದಿಂದ ಐದು ವರ್ಷ ಬಾಳುವ ಆಸ್ತಿಯನ್ನು ಕೊಳ್ಳುವುದು ಮೊದಲ ತಪ್ಪು. ಎರಡನೆಯದು ಇನ್ನೂ ಗಂಭೀರ. ಯೂರೋಪಿನ ಸ್ಪರ್ಧೆಯ ವರಮಾನ ಮುಂದುವರಿಯುತ್ತದೆ ಎಂಬ ನಂಬಿಕೆಯ ಮೇಲೆಯೇ ವೇತನದ ಭಾರವನ್ನು ಏರಿಸಲಾಗಿತ್ತು. ಆಯವ್ಯಯ ಪತ್ರಗಳನ್ನು ಬಲ್ಲವರಿಗೆ ಈ ರೋಗ ಪರಿಚಿತ. ವರಮಾನವನ್ನು ಅಂದಾಜು ಮಾಡಿ ವೆಚ್ಚ ನಿಗದಿಪಡಿಸುವ ಬದಲು, ವೆಚ್ಚವನ್ನು ಮೊದಲು ನಿಗದಿಪಡಿಸಿ ಅದಕ್ಕೆ ತಕ್ಕಂತೆ ವರಮಾನದ ಅಂದಾಜನ್ನು ಹಿಗ್ಗಿಸುವುದು.

ಅಂದಾಜು ತಪ್ಪಲು ಬೇಕಾದದ್ದು ಎಷ್ಟು? ಒಂದೇ ಒಂದು ಅಂಕ. 2000–01ರ ಋತುವಿನ ಕೊನೆಯಲ್ಲಿ ಮೂರನೇ ಸ್ಥಾನದ ಲಿವರ್‌ಪೂಲ್‌ಗೆ 69 ಅಂಕ, ನಾಲ್ಕನೆಯ ಲೀಡ್ಸ್‌ಗೆ 68. ಆ ವರ್ಷ ಇಂಗ್ಲೆಂಡಿಗೆ ಇದ್ದದ್ದು ಮೂರೇ ಸ್ಥಾನ. ಮರುವರ್ಷ ನಾಲ್ಕು ಸ್ಥಾನಗಳಾದವು, ಲೀಡ್ಸ್ ಐದನೆಯದಾಯಿತು.

ಕಳಚಿದ ಕಂಬಗಳು

ಅಲ್ಲಿಂದ ಮುಂದಿನದು ಸಾಲಗಾರನ ಮನೆಯ ಪಾತ್ರೆ ಪಗಡಗಳು ಒಂದೊಂದಾಗಿ ಬೀದಿಗೆ ಬರುವ ಪರಿಚಿತ ದೃಶ್ಯ. 2002ರ ಜೂನ್‌ನಲ್ಲಿ ಓಲಿಯರಿ ಅವರನ್ನು ತೆಗೆಯಲಾಯಿತು. ಜುಲೈನಲ್ಲಿ ಫರ್ಡಿನೆಂಡ್ ಸುಮಾರು 3 ಕೋಟಿ ಪೌಂಡಿಗೆ ಬದ್ಧವೈರಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ರಾಬಿ ಕೀನ್ ಹೋದರು. 2003ರ ಜನವರಿಯಲ್ಲಿ ಜೊನಾಥನ್ ವುಡ್‌ಗೇಟ್ ನ್ಯೂಕ್ಯಾಸಲ್‌ಗೆ, ಜುಲೈನಲ್ಲಿ ಹ್ಯಾರಿ ಕ್ಯುಯೆಲ್ ಲಿವರ್‌ಪೂಲ್‌ಗೆ ಹೋದರು. ರಾಬಿ ಫೌಲರ್ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೂ ಅವರ ವೇತನದ ಒಂದು ಪಾಲನ್ನು ಲೀಡ್ಸ್ ಭರಿಸಬೇಕಾಯಿತು. ಮಾರಿದ ಎಮ್ಮೆಗೆ ಹುಲ್ಲು ಹಾಕುವ ಸ್ಥಿತಿ ಅದು.

2003ರ ಮಾರ್ಚ್‌ನಲ್ಲಿ ರಿಡ್ಸ್‌ಡೇಲ್ ರಾಜೀನಾಮೆ ನೀಡಿದರು. ಅಷ್ಟು ಖರ್ಚು ಮಾಡಬಾರದಿತ್ತೇನೋ, ಆದರೆ ಕನಸನ್ನು ಬದುಕಿದೆವು ಎಂಬರ್ಥದ ಅವರ ಮಾತು ಇಂಗ್ಲೆಂಡಿನಲ್ಲಿ ಇಂದಿಗೂ ವ್ಯಂಗ್ಯಕ್ಕೆ ಬಳಕೆಯಾಗುತ್ತದೆ. ಅವರ ಜಾಗಕ್ಕೆ ಬಂದ ಜಾನ್ ಮೆಕೆಂಜಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಅಧ್ಯಕ್ಷರ ಕೊಠಡಿಯಲ್ಲಿದ್ದ ಬಾಡಿಗೆಯ ಬಂಗಾರದ ಮೀನುಗಳಿಗೂ ತಿಂಗಳಿಗೆ 20 ಪೌಂಡ್ ವೆಚ್ಚವಾಗುತ್ತಿದ್ದುದು ಅವರ ಕಾಲದಲ್ಲಿ ಬಯಲಾಯಿತು. ಪತ್ರಿಕೆಗಳು ಮೀನುಗಳ ಹಿಂದೆ ಬಿದ್ದವು. ಕೋಟಿಗಳ ಸೋರಿಕೆ ಅರ್ಥವಾಗದವರಿಗೂ ಮೀನಿನ ಲೆಕ್ಕ ಥಟ್ಟನೆ ಅರ್ಥವಾಗುತ್ತದೆ. ಆದರೆ ಕ್ಲಬ್ಬನ್ನು ಮುಳುಗಿಸಿದ್ದು ಮೀನಲ್ಲ. 2003ರ ಅಕ್ಟೋಬರ್‌ನಲ್ಲಿ ಪ್ರಕಟವಾದ ವಾರ್ಷಿಕ ನಷ್ಟ 4.95 ಕೋಟಿ ಪೌಂಡ್. ಅಲ್ಲಿಯವರೆಗೆ ಇಂಗ್ಲೆಂಡಿನ ಯಾವ ಕ್ಲಬ್ಬೂ ಅಷ್ಟು ಕಳೆದುಕೊಂಡಿರಲಿಲ್ಲ.

ಪತನದ ಋತು ಈ ನೆರಳಿನಲ್ಲಿಯೇ ನಡೆಯಿತು. ಲೀಸ್ಟರ್‌ನಲ್ಲಿ 4–0, ಎವರ್ಟನ್‌ನಲ್ಲಿ 4–0 ಸೋಲು. ನವೆಂಬರ್ 8ರಂದು ಪೋರ್ಟ್ಸ್‌ಮತ್‌ನಲ್ಲಿ 6–1 ಸೋಲು; ಬೆನ್ನಿಗೇ ವ್ಯವಸ್ಥಾಪಕ ಪೀಟರ್ ರೀಡ್ ಅವರ ವಜಾ. ರಿವಿ ಕಾಲದ ಆಟಗಾರ ಎಡ್ಡಿ ಗ್ರೇ ಹೊಣೆ ಹೊತ್ತರು. ದಿವಾಳಿ ಬಾಗಿಲಲ್ಲೇ ನಿಂತಿದ್ದಾಗ ಆಟಗಾರರು ತಮ್ಮ ವೇತನದ ಒಂದು ಭಾಗವನ್ನು ತಡವಾಗಿ ಪಡೆಯಲು ಒಪ್ಪಿದರು. 2004ರ ಮಾರ್ಚ್‌ನಲ್ಲಿ ಸ್ಥಳೀಯ ಉದ್ಯಮಿಗಳ ಕೂಟವೊಂದು ಕ್ಲಬ್ಬನ್ನು ಕೊಂಡಿತು. ಏಪ್ರಿಲ್‌ನಲ್ಲಿ, ಆ ಋತುವಿನ ಲೀಗಿನಲ್ಲಿ ಒಂದೂ ಪಂದ್ಯ ಸೋಲದ ಆರ್ಸೆನಲ್ ಎದುರು 5–0 ಸೋಲು ಎದುರಾಯಿತು. ಕೊನೆಗೆ ಲೀಸ್ಟರ್, ಲೀಡ್ಸ್, ವುಲ್ವ್ಸ್ ಮೂರೂ ತಂಡಗಳು ತಲಾ 33 ಅಂಕ ಪಡೆದು ಒಟ್ಟಿಗೆ ಕೆಳಗಿಳಿದವು. 38 ಪಂದ್ಯಗಳಲ್ಲಿ ಲೀಡ್ಸ್ ಬಿಟ್ಟುಕೊಟ್ಟ ಗೋಲು 79.

ಮೇ 8ರಂದು ತವರಿನ ಎಲ್ಲಂಡ್ ರೋಡ್ ಕ್ರೀಡಾಂಗಣದಲ್ಲಿ ಚಾರ್ಲ್ಟನ್ ವಿರುದ್ಧದ ಕೊನೆಯ ತವರು ಪಂದ್ಯ 3–3ರಲ್ಲಿ ಮುಗಿದಾಗ ಜನ ಮೈದಾನಕ್ಕೆ ನುಗ್ಗಿದರು. ಅವರು ಯಾರನ್ನೂ ಹೊಡೆಯಲಿಲ್ಲ. ಲೀಡ್ಸ್‌ನವರೇ ಆದ ಅಲನ್ ಸ್ಮಿತ್ ಅವರನ್ನು ಹೆಗಲ ಮೇಲೆ ಹೊತ್ತು ಸಾಗಿದರು. ಕೆಲವೇ ವಾರಗಳಲ್ಲಿ ಸ್ಮಿತ್ 70 ಲಕ್ಷ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಹದಿನಾರರ ವಯಸ್ಸಿಗೇ ತಂಡಕ್ಕೆ ಬಂದಿದ್ದ ಸ್ಥಳೀಯ ಹುಡುಗ ಜೇಮ್ಸ್ ಮಿಲ್ನರ್ ನ್ಯೂಕ್ಯಾಸಲ್‌ಗೆ ಹೋದರು. ಅದೇ ವರ್ಷ ಎಲ್ಲಂಡ್ ರೋಡ್ ಕ್ರೀಡಾಂಗಣವೇ ಮಾರಾಟವಾಯಿತು. ತನ್ನ ಮನೆಯಲ್ಲಿ ತಾನೇ ಬಾಡಿಗೆದಾರನಾದ ಕ್ಲಬ್ಬು ಅದನ್ನು ಮರಳಿ ಪಡೆದದ್ದು 2017ರಲ್ಲಿ.

ಬೆಲೆ ತೆತ್ತವರು ಯಾರು?

ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಸ್ ಕೊರ್ನಾಯಿ ಸಮಾಜವಾದಿ ದೇಶಗಳ ಸಾರ್ವಜನಿಕ ಉದ್ದಿಮೆಗಳನ್ನು ಅಧ್ಯಯನ ಮಾಡಿ ‘ಮೃದು ಆಯವ್ಯಯ ಮಿತಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಎಷ್ಟೇ ನಷ್ಟವಾದರೂ ಯಾರೋ ಕೈಹಿಡಿಯುತ್ತಾರೆ ಎಂಬ ಭರವಸೆ ಇದ್ದಲ್ಲಿ ವಿವೇಕಕ್ಕೆ ಬೆಲೆ ಇರುವುದಿಲ್ಲ ಎಂಬುದು ಅದರ ಸಾರ. ಬಂಡವಾಳಶಾಹಿಯ ಹೆಮ್ಮೆಯ ಸೃಷ್ಟಿಯಾದ ಪ್ರೀಮಿಯರ್ ಲೀಗಿಗೂ ಈ ಮಾತು ಅನ್ವಯಿಸುವುದು ವಿಪರ್ಯಾಸ. ಕ್ಲಬ್ಬು ದಿವಾಳಿಯಾದರೂ ಊರಿನ ಅಭಿಮಾನ ದಿವಾಳಿಯಾಗುವುದಿಲ್ಲ. ಆದ್ದರಿಂದ ಹೊಸ ಮಾಲೀಕ ಸಿಕ್ಕೇ ಸಿಗುತ್ತಾನೆ.

ಇದರ ಜೊತೆಗೆ ಪೈಪೋಟಿಯ ತರ್ಕವೂ ಇದೆ. ಎದುರಾಳಿ ಖರ್ಚು ಮಾಡುವಾಗ ಕೈಕಟ್ಟಿ ಕೂತವನು ಸೋಲುತ್ತಾನೆ. ಎಲ್ಲರೂ ಖರ್ಚು ಮಾಡಿದರೆ ಸ್ಥಾನಗಳ ಸಂಖ್ಯೆ ಹೆಚ್ಚುವುದಿಲ್ಲ, ಸಂಬಳ ಮಾತ್ರ ಏರುತ್ತದೆ. ಹೀಗಾಗಿ ರಿಡ್ಸ್‌ಡೇಲ್ ಒಬ್ಬರನ್ನೇ ಖಳನಾಯಕರನ್ನಾಗಿಸುವುದು ನ್ಯಾಯವಲ್ಲ. ಸಾಲ ಕೊಟ್ಟ ಸಂಸ್ಥೆಗಳಿದ್ದವು, ಒಪ್ಪಿಗೆ ಕೊಟ್ಟ ನಿರ್ದೇಶಕರಿದ್ದರು. ಫರ್ಡಿನೆಂಡ್ ಬಂದಾಗ ಹಣ ಎಲ್ಲಿಂದ ಬಂತೆಂದು ಕೇಳಿದ ಅಭಿಮಾನಿಗಳು ಎಷ್ಟು ಮಂದಿ?

ಆದರೂ ಬೆಲೆ ತೆತ್ತವರು ಬೇರೆಯವರೇ. ಆಟಗಾರರು ಬೇರೆ ಕ್ಲಬ್ಬುಗಳಿಗೆ ಹೋದರು, ವ್ಯವಸ್ಥಾಪಕರು ಪರಿಹಾರ ಪಡೆದರು. 2007ರಲ್ಲಿ ಲೀಡ್ಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಮೂರನೇ ದರ್ಜೆಗೆ ಕುಸಿಯಿತು. ಮೇ 4ರಂದು ದಿವಾಳಿ ರಕ್ಷಣೆಯ ಪ್ರಕ್ರಿಯೆಗೆ ಒಳಗಾಯಿತು. ಇಂಥ ಸಂದರ್ಭದಲ್ಲಿ ಆಟಗಾರರ ಬಾಕಿ ಮತ್ತು ಇತರ ಕ್ಲಬ್ಬುಗಳ ಬಾಕಿಯನ್ನು ಪೂರ್ಣವಾಗಿ ತೀರಿಸಬೇಕೆಂಬುದು ಅಲ್ಲಿನ ಫುಟ್‌ಬಾಲ್ ಲೀಗಿನ ನಿಯಮ. ತೆರಿಗೆ ಇಲಾಖೆ, ಸಣ್ಣ ವ್ಯಾಪಾರಿಗಳು, ಸರಕು ಪೂರೈಸಿದವರು ಸಾಲಿನ ಕೊನೆಗೆ. ತೆರಿಗೆ ಇಲಾಖೆ ಲೀಡ್ಸ್‌ನ ಇತ್ಯರ್ಥ ಒಪ್ಪಂದವನ್ನು ಪ್ರಶ್ನಿಸಿತು. ಕೊನೆಗೆ ಲೀಗ್ 15 ಅಂಕಗಳ ದಂಡ ವಿಧಿಸಿ ಮರುಋತುವಿಗೆ ಪ್ರವೇಶ ನೀಡಿತು. ಕೋಟಿಗಟ್ಟಲೆ ಸಂಬಳದ ಬಾಕಿ ಮೊದಲು, ಊರಿನ ಬಡಗಿಯ ಬಿಲ್ಲು ಆಮೇಲೆ ಎಂಬ ಈ ವ್ಯವಸ್ಥೆಯನ್ನು ಯಾವ ನೀತಿಶಾಸ್ತ್ರ ಸಮರ್ಥಿಸೀತು?

ಇಂಗ್ಲಿಷ್ ಫುಟ್‌ಬಾಲ್ ಜಗತ್ತಿನಲ್ಲಿ, ಅತಿಯಾಗಿ ಖರ್ಚು ಮಾಡಿ ಕುಸಿಯುವುದಕ್ಕೆ ‘ಲೀಡ್ಸ್ ಮಾಡುವುದು’ ಎಂಬ ನುಡಿಗಟ್ಟೇ ಹುಟ್ಟಿಕೊಂಡಿತು. ನಿಯಮಗಳು ತಡವಾಗಿ ಬಂದವು. ಯೂರೋಪಿನ ಒಕ್ಕೂಟ ಆದಾಯಕ್ಕೆ ತಕ್ಕ ವೆಚ್ಚದ ನಿಯಮವನ್ನು ತಂದಿತು. ಪ್ರೀಮಿಯರ್ ಲೀಗ್ ಮೂರು ವರ್ಷಗಳಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟದ ಮಿತಿ ಹಾಕಿತು. 2023–24ರ ಋತುವಿನಲ್ಲಿ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬುಗಳ ಅಂಕಗಳಿಗೆ ಕತ್ತರಿ ಬಿತ್ತು. 2025ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನ ಕಾಯ್ದೆಯೊಂದು ಈ ಆಟಕ್ಕೆ ಸ್ವತಂತ್ರ ನಿಯಂತ್ರಕರನ್ನು ಕಲ್ಪಿಸಿತು. ಇಷ್ಟೆಲ್ಲ ನಿಯಮಗಳಿಂದ ಹಳೆಯ ಶ್ರೀಮಂತರೇ ಭದ್ರವಾಗುತ್ತಾರೆ, ಸಣ್ಣವರು ಮೇಲೇರುವ ಕನಸೇ ಕಮರುತ್ತದೆ ಎಂಬ ಟೀಕೆಯೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಕನಸು ಕಾಣುವವನು ಮತ್ತು ಅದರ ಸಾಲ ತೀರಿಸುವವನು ಒಬ್ಬನೇ ಆಗಿರಬೇಕು ಎಂಬ ಕನಿಷ್ಠ ನ್ಯಾಯವನ್ನಾದರೂ ನಿಯಮ ಕಾಪಾಡಬೇಕಷ್ಟೆ.

ಲೀಡ್ಸ್ ಮತ್ತೆ ಅಗ್ರ ದರ್ಜೆಗೆ ಮರಳಲು ಹದಿನಾರು ವರ್ಷ ಬೇಕಾಯಿತು. 2020ರಲ್ಲಿ ಮಾರ್ಸೆಲೊ ಬಿಯೆಲ್ಸಾ ಅವರ ನೇತೃತ್ವದಲ್ಲಿ ಏರಿ, 2023ರಲ್ಲಿ ಮತ್ತೆ ಇಳಿದು, 2025ರಲ್ಲಿ 100 ಅಂಕಗಳೊಂದಿಗೆ ಮತ್ತೆ ಏರಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ ಒಂದು ಅಂಕಿ. 2010ರ ಮೇ 8ರಂದು, ಮೂರನೇ ದರ್ಜೆಯ ಋತುವಿನ ಕೊನೆಯ ಪಂದ್ಯ ನೋಡಲು ಎಲ್ಲಂಡ್ ರೋಡ್‌ನಲ್ಲಿ ಸೇರಿದವರು 38 ಸಾವಿರಕ್ಕೂ ಹೆಚ್ಚು ಮಂದಿ. ಅಂದು ತಂಡ ಗೆದ್ದು ಎರಡನೇ ದರ್ಜೆಗೆ ಬಡ್ತಿ ಪಡೆಯಿತು. 2001ರಲ್ಲಿ ಯಾರ ಟಿಕೆಟಿನ ಹಣವನ್ನು ಅವರನ್ನು ಕೇಳದೆಯೇ ಒತ್ತೆಯಿಡಲಾಗಿತ್ತೋ ಆ ಜನರೇ, ಎಲ್ಲವೂ ಮಾರಾಟವಾದ ಮೇಲೂ, ಸರತಿಯಲ್ಲಿ ನಿಂತು ಮತ್ತೆ ಟಿಕೆಟ್ ಕೊಂಡಿದ್ದರು. ಸಾಲ ಕೊಟ್ಟವರ ಲೆಕ್ಕಾಚಾರದಲ್ಲಿ ಸುಳ್ಳಾಗದೆ ಉಳಿದದ್ದು ಈ ನಿಷ್ಠೆಯೊಂದೇ.