ಮೋಹಿನಿಯನ್ನು ಕಟ್ಟುವ ಬಗೆ

ಭೂತಪ್ರೇತಗಳಲ್ಲಿ ಎರಡು ಜಾತಿ. ಒಂದನ್ನು ಕಂಡೊಡನೆ ಓಡಬೇಕೆನಿಸುತ್ತದೆ. ಇನ್ನೊಂದನ್ನು ಕಂಡೊಡನೆ ನಿಲ್ಲಬೇಕೆನಿಸುತ್ತದೆ. ಮೊದಲನೆಯದಕ್ಕೆ ಕೋರೆಹಲ್ಲು, ಕೆಂಡದ ಕಣ್ಣು, ಕೆದರಿದ ಕೂದಲು ಇದ್ದರೆ ಸಾಕು. ಮಕ್ಕಳೂ ಅದನ್ನು ಬರೆದು ತೋರಿಸಬಲ್ಲರು. ಎರಡನೆಯದನ್ನು ಕಟ್ಟುವುದು ಕವಿಗೂ ಸುಲಭವಲ್ಲ. ಗೆಜ್ಜೆಯ ಸದ್ದು, ಮಲ್ಲಿಗೆಯ ಕಂಪು, ಹಿಂದುಮುಂದಾದ ಪಾದ ಇವುಗಳ ಕತೆ ಕೇಳಿ ಬೆಳೆದವರಿಗೆ ಮೋಹಿನಿಯನ್ನು ಪರಿಚಯಿಸಬೇಕಾಗಿಲ್ಲ. ಆದರೆ ಅವಳನ್ನು ಒಂದು ಆಟದ ಹಲಗೆಗೆ ತರಬೇಕಾದಾಗ ಏನಾಗುತ್ತದೆ ಎಂಬುದು ಸ್ವಲ್ಪ ವಿಚಾರಿಸತಕ್ಕ ವಿಷಯ.

ನಾನು ಹೇಳುತ್ತಿರುವುದು ಪಾತ್ರ ವಹಿಸಿ ಆಡುವ ಕಲ್ಪನೆಯ ಆಟದ ಮಾತು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಮೇಜಿನ ಸುತ್ತ ನಾಲ್ಕಾರು ಮಂದಿ ಕೂಡುತ್ತಾರೆ. ಒಬ್ಬನು ಸೂತ್ರಧಾರ, ಊರು, ಕಾಡು, ಕೋಟೆ, ರಾಕ್ಷಸರು ಎಲ್ಲವೂ ಅವನ ಬಾಯಿಂದ ಹುಟ್ಟತಕ್ಕವು. ಉಳಿದವರು ತಲೆಗೊಂದು ಪಾತ್ರವನ್ನು ವಹಿಸಿ, ಆ ಪಾತ್ರ ಏನು ಮಾಡುತ್ತದೆಂದು ಹೇಳುತ್ತ ಹೋಗುತ್ತಾರೆ. ಪಾತ್ರದ ಬಲಾಬಲ, ಪೂರ್ವಕತೆ, ನಂಟರು ಇವೆಲ್ಲ ಒಂದು ಹಾಳೆಯಲ್ಲಿ ಬರೆದಿರುತ್ತವೆ. ಫಲ ಸಂದಿಗ್ಧವಾದಾಗ ದಾಳ ಉರುಳುತ್ತದೆ. ನಾಟಕ, ಪಗಡೆ, ಅಜ್ಜಿಕತೆ ಮೂರೂ ಒಂದೇ ಮನೆಯಲ್ಲಿ ಒಕ್ಕಲಾದಂತೆ.

ಈ ಆಟದಲ್ಲಿ ಸತ್ತೂ ಸಾಯದ ಮೋಹಕರು ಮೊದಲಿನಿಂದಲೂ ಇದ್ದಾರೆ. ೧೯೭೪ರ ಪುಸ್ತಿಕೆಗಳಲ್ಲಿಯೇ ವ್ಯಾಂಪೈರ್ ಎಂಬ ರಕ್ತಪಿಪಾಸು ಪ್ರೇತವು ಕಣ್ಣಿಗೆ ಕಣ್ಣಿಟ್ಟು ಮನುಷ್ಯರನ್ನು ವಶಮಾಡಿಕೊಳ್ಳಬಲ್ಲದು. ೨೦೧೪ರ ಆವೃತ್ತಿಯಲ್ಲಿ ಅದರ ನೋಟಕ್ಕೆ ಸಿಕ್ಕಿದವನು ೨೦ ಮುಖಗಳ ದಾಳವನ್ನು ಎಸೆದು, ತನ್ನ ವಿವೇಕದ ಅಂಕಿಯನ್ನು ಕೂಡಿಸಿ, ೧೭ನ್ನಾದರೂ ಮುಟ್ಟಬೇಕು. ಮುಟ್ಟದಿದ್ದರೆ ಅವನು ಆ ಪ್ರೇತವನ್ನು ಪರಮಮಿತ್ರನೆಂದು ಬಗೆದು, ಅದು ಕಚ್ಚಬಂದರೆ ತಾನಾಗಿಯೇ ಕೊರಳನ್ನೊಡ್ಡುತ್ತಾನೆ. ಲೆಕ್ಕ ಚೊಕ್ಕಟವಾಗಿದೆ. ಆದರೆ ಇದರಲ್ಲಿ ಮೋಹವೆಲ್ಲಿದೆ? ಆಟಗಾರನ ಮನಸ್ಸು ಒಂದಿಷ್ಟೂ ಕದಲಿಲ್ಲ. ದಾಳ ಸೋತಿತು, ಅಷ್ಟೆ. ಜ್ವರ ಬಂದವನನ್ನು ‘ಮನಸೋತವನು’ ಎನ್ನಲಾಗುವುದೆ? ಆಯ್ಕೆಯನ್ನು ಕಸಿದುಕೊಂಡ ಮೋಹವು ರೋಗಕ್ಕೆ ಸಮಾನ. ಕೈ ಆಟಗಾರನದಾಗಿಯೇ ಉಳಿದು, ಆ ಕೈ ತಾನಾಗಿ ಮುಂದೆ ಚಾಚಿದರೆ ಮಾತ್ರ ಮೋಹಿನಿ ಗೆದ್ದಳೆನ್ನಬೇಕು.

ಸಾಹಿತ್ಯದಲ್ಲಿ ಇದನ್ನು ಬಲ್ಲವರು ಹಿಂದೆಯೇ ಇದ್ದರು. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ ೧೮೭೨ರಲ್ಲಿ ಪುಸ್ತಕದೊಳಗೆ ಸೇರಿತು. ‘ಡ್ರ್ಯಾಕುಲಾ’ ಬಂದದ್ದು ಅದಕ್ಕೆ ೨೫ ವರ್ಷಗಳ ತರುವಾಯ. ಕತೆ ಹೇಳುವ ಲಾರಾ ತಾಯಿಯಿಲ್ಲದ ಹುಡುಗಿ. ಸ್ಟಿರಿಯಾದ ಕಾಡಿನ ನಡುವೆ ಒಂದು ಒಂಟಿ ಕೋಟೆಮನೆಯಲ್ಲಿ ತಂದೆಯೊಡನೆ ಇದ್ದಾಳೆ. ಸಮವಯಸ್ಕಳೊಬ್ಬಳು ಬರುವಳೆಂದು ಕಾದಿದ್ದಾಗ ಅವಳ ಸಾವಿನ ಸುದ್ದಿ ಬರುತ್ತದೆ. ಸರಿಯಾಗಿ ಆಗಲೇ ಕಾರ್ಮಿಲ್ಲಾ ಬಾಗಿಲಿಗೆ ಬರುತ್ತಾಳೆ. ಅವಳು ತಂದದ್ದು ಬರಿಯ ಚೆಲುವನ್ನಲ್ಲ, ಗೆಳೆತನವನ್ನು. ಆ ಮನೆಯಲ್ಲಿ ಇಲ್ಲದಿದ್ದುದು ಅದೊಂದೇ. ಎಲ್ಲ ಮುಗಿದು, ಗೋರಿಯನ್ನು ಅಗೆದು ಪ್ರೇತವನ್ನು ನಾಶಮಾಡಿ ವರ್ಷಗಳು ಕಳೆದ ಮೇಲೂ ಲಾರಾಳಿಗೆ ಆ ಹೆಜ್ಜೆಯ ಸದ್ದು ಕೇಳಿದಂತಾಗುತ್ತದೆ. ಕಾರ್ಮಿಲ್ಲಾಳಿಗೆ ಇನ್ನೊಂದು ಕಟ್ಟುಪಾಡೂ ಉಂಟು: ಹೆಸರನ್ನು ಬದಲಿಸಬಹುದು, ಆದರೆ ಅಕ್ಷರಗಳು ಅವೇ ಇರಬೇಕು. ಮಿರ್ಕಾಲ್ಲಾ, ಮಿಲ್ಲಾರ್ಕಾ, ಕಾರ್ಮಿಲ್ಲಾ: ಜಾಣ ಓದುಗನು ಈ ಗಂಟನ್ನು ತಾನೇ ಬಿಡಿಸಬಲ್ಲನು. ನಿಜವಾದ ಕೊಡುಗೆ ಒಂದು, ಬಿಡಿಸಬಲ್ಲ ಕಟ್ಟು ಒಂದು. ಆಟ ಕಟ್ಟುವವನಿಗೆ ಲೆ ಫಾನು ಈ ಎರಡನ್ನೂ ಕೊಟ್ಟುಹೋಗಿದ್ದಾನೆ.

ಮೂರನೆಯದನ್ನು ಕೊಟ್ಟವರು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳು. ಅವರ ‘ರೇವನ್‌ಲಾಫ್ಟ್’ ಎಂಬ ಆಟದ ಕಥಾನಕ ೧೯೮೩ರಲ್ಲಿ ಹೊರಬಂತು. ಅದರ ನಾಯಕಪ್ರೇತ ಸ್ಟ್ರಾಡ್ ಗಂಡಸು. ತಮ್ಮನಿಗೆ ನಿಶ್ಚಯವಾದ ಹೆಣ್ಣನ್ನು ಬಯಸಿ, ಮದುವೆಯ ದಿನವೇ ತಮ್ಮನನ್ನು ಕೊಂದನು. ಅವಳು ಅವನಿಂದ ತಪ್ಪಿಸಿಕೊಳ್ಳಲು ಕೋಟೆಯ ಗೋಡೆಯಿಂದ ಧುಮುಕಿದಳು. ಅಂದಿನಿಂದ ಅವನು ಅದೇ ಮುಖವನ್ನು ಹುಡುಕುತ್ತಿದ್ದಾನೆ. ನೆಲಮಾಳಿಗೆಯಲ್ಲಿ ಕಾರಣವಿಲ್ಲದೆ ಬಿದ್ದುಕೊಂಡಿರುವ ಪ್ರೇತವಲ್ಲ ಇದು, ಇದಕ್ಕೊಂದು ಬಯಕೆಯಿದೆ. ಬಯಕೆಯಿರುವುದರಿಂದಲೇ ಅದು ಮುಂದೆ ಏನು ಮಾಡೀತೆಂದು ಸೂತ್ರಧಾರನು ಊಹಿಸಬಲ್ಲನು.

ಒಂದು ಆಕ್ಷೇಪವಿದೆ. ಎದುರಿಗಿರುವುದು ಪ್ರೇತವೆಂದು ಆಟಗಾರನಿಗೆ ಗೊತ್ತಾದ ಮೇಲೆ ಅವನು ಬಲೆಗೆ ಬೀಳುವುದೆಂತು, ದಾಳದ ಬಲವಂತವಿಲ್ಲದೆ ಆಟ ನಡೆಯುವುದೆಂತು ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಹಳೆಯದೊಂದು ಕತೆಯಲ್ಲಿದೆ. ಮೂರನೆಯ ಶತಮಾನದ ಗ್ರೀಕ್ ಲೇಖಕ ಫಿಲಾಸ್ಟ್ರೇಟಸ್ ಹೇಳುವಂತೆ, ಕಾರಿಂತ್ ನಗರದಲ್ಲಿ ಮೆನಿಪ್ಪಸ್ ಎಂಬ ತರುಣನು ಮಾಯಾವಿನಿಯೊಬ್ಬಳನ್ನು ಮದುವೆಯಾಗಹೊರಟಾಗ ತತ್ತ್ವಜ್ಞಾನಿ ಅಪಲ್ಲೋನಿಯಸ್ ಅವಳ ಗುಟ್ಟನ್ನು ಬಯಲುಮಾಡಿದನು, ತರುಣನು ಬದುಕಿದನು. ಇದೇ ಕತೆಯನ್ನು ಕವಿ ಕೀಟ್ಸ್ ೧೮೨೦ರ ‘ಲೇಮಿಯಾ’ದಲ್ಲಿ ಹೇಳಿದಾಗ, ಸತ್ಯ ಬಯಲಾದ ರಾತ್ರಿಯೇ ತರುಣನು ಸಾಯುತ್ತಾನೆ. ಕೀಟ್ಸನಿಗೆ ತಿಳಿದಿದ್ದುದು ಇದು: ಸುಳ್ಳೆಂದು ಗೊತ್ತಾದಮಾತ್ರಕ್ಕೆ ಸುಖವು ಸುಳ್ಳಾಗದು. ಆದುದರಿಂದ ಮೋಹಿನಿಯ ಕೊಡುಗೆಯು ಗೊತ್ತಿದ್ದೂ ಬೇಕೆನಿಸುವಂತಿರಬೇಕು.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು, ಕೆಲವು ತರುಣ ಮಿತ್ರರ ಆಟಕ್ಕಾಗಿ ನಾನೊಬ್ಬಳನ್ನು ಕಟ್ಟಿದೆ. ಹೊಳೆಯ ದಡದಲ್ಲಿ ಒಂದು ಛತ್ರ. ಅದರ ಒಡತಿ ಸತ್ತು ಎಷ್ಟೋ ಕಾಲವಾಗಿದೆ. ಪ್ರವಾಹ ಬಂದ ರಾತ್ರಿ ಊರವರೆಲ್ಲ ದೋಣಿಯೇರಿ ಆಚೆ ದಡಕ್ಕೆ ಹೋದರು. ‘ನಿನಗಾಗಿ ಮತ್ತೆ ಬರುತ್ತೇವೆ’ ಎಂದವರು ಬರಲಿಲ್ಲ. ಅಂದಿನಿಂದ ಅವಳು ದೀಪ ಹಚ್ಚಿಟ್ಟು, ಬಂದವರು ಹೋಗದಿರಲೆಂದು ಬಯಸುತ್ತಾಳೆ. ಅಲ್ಲಿ ಒಂದು ರಾತ್ರಿ ಮಲಗಿದವನ ಗಾಯಗಳೆಲ್ಲ ಮಾಯುತ್ತವೆ. ಪ್ರತಿಯಾಗಿ ಅವನು ತನ್ನ ಹಾಳೆಯಿಂದ ಒಂದು ಸಾಲನ್ನು ತನ್ನ ಕೈಯಿಂದಲೇ ಹೊಡೆದುಹಾಕಬೇಕು; ಆ ನೆನಪು ಅವಳದಾಗುತ್ತದೆ. ಕೊಡದುದನ್ನು ಅವಳು ಕೀಳಲಾರಳು; ಕೇಳಿದ ಪ್ರಶ್ನೆಗೆ ಸುಳ್ಳು ಹೇಳಲಾರಳು. ಅವಳಿಗೆ ಬಿಡುಗಡೆಯೂ ಉಂಟು: ಹೊಳೆ ದಾಟಿದವನೊಬ್ಬನು ಮಾತು ಕೊಟ್ಟಂತೆ ಹಿಂತಿರುಗಿ ಬಂದು ಅವಳನ್ನು ದೋಣಿಗೆ ಹತ್ತಿಸಬೇಕು. ಆದರೆ ನೆನಪನ್ನು ಮಾರಿಕೊಂಡವನಿಗೆ ಕೊಟ್ಟ ಮಾತು ನೆನಪಿರುವುದೆ?

ಆಟದ ದಿನ ಅವಳ ಚೆಲುವನ್ನು ನಾನು ವರ್ಣಿಸಲಿಲ್ಲ. ಬಂದವರ ಹೆಸರು ಕೇಳಿದಳು, ಬಿಸಿನೀರು ಇಟ್ಟಳು, ಅವರ ಮಾತನ್ನು ಗಮನವಿಟ್ಟು ಕೇಳಿದಳು, ಅಷ್ಟೆ. ಅವಳು ಯಾರೆಂಬುದು ಎಲ್ಲರಿಗೂ ಬೇಗನೆ ತಿಳಿಯಿತು. ಒಬ್ಬ ತರುಣನ ಪಾತ್ರಕ್ಕೆ ಸಾಯುವಷ್ಟು ಗಾಯವಾಗಿತ್ತು. ಹಾಳೆಯಲ್ಲಿ ಕೊಡಬಹುದಾಗಿ ಉಳಿದಿದ್ದ ಸಾಲು ಒಂದೇ: ಯಾವ ತಂಗಿಯನ್ನು ಹುಡುಕಿ ಅವನು ಮನೆ ಬಿಟ್ಟು ಹೊರಟಿದ್ದನೋ ಆ ತಂಗಿಯ ಹೆಸರು. ಪೆನ್ಸಿಲ್ ಹಿಡಿದು ಬಹಳ ಹೊತ್ತು ಕುಳಿತನು. ಗೆಳೆಯರು ಬೇಡವೆಂದರು, ಬಳಿಕ ಅವರೂ ಸುಮ್ಮನಾದರು. ಕೊನೆಗೆ ಆ ಸಾಲಿನ ಮೇಲೆ ಮೆಲ್ಲನೆ ಗೆರೆ ಎಳೆದನು. ಬೆಳಗಾದಾಗ ಅವನ ಪಾತ್ರ ಗಟ್ಟಿಮುಟ್ಟಾಗಿ ಎದ್ದು, ‘ನಾವು ಎಲ್ಲಿಗೆ ಹೊರಟಿದ್ದೇವೆ?’ ಎಂದು ಕೇಳಿತು. ಆ ರಾತ್ರಿಯ ಮಟ್ಟಿಗೆ ಒಂದು ದಾಳವೂ ಉರುಳಿರಲಿಲ್ಲ.

ಇಂಥ ಆಟಕ್ಕೆ ಒಂದು ಮರ್ಯಾದೆ ಬೇಕು. ಪಾತ್ರದ ದುಃಖವನ್ನು ಮಾತ್ರ ಕೆಣಕಬೇಕು. ಆಟಗಾರನ ಸ್ವಂತ ದುಃಖದ ಗಂಟಿಗೆ ಕೈ ಹಾಕಕೂಡದು. ಯಾವುದು ಬೇಡವೆಂಬುದನ್ನು ಆಟಕ್ಕೆ ಮೊದಲೇ ಎಲ್ಲರೂ ಮಾತಾಡಿಕೊಂಡಿರಬೇಕು.

ಇನ್ನೊಂದು ಮಾತು. ಇಂಥ ಕತೆಗಳನ್ನು ಹೆಚ್ಚಾಗಿ ಹೇಳಿದವರು ಗಂಡಸರು. ಸತ್ತ ಹೆಣ್ಣಿನ ತುಟಿಯನ್ನು, ಕೂದಲನ್ನು ಬಣ್ಣಿಸಿದವರು ಬಹಳ, ಅವಳು ಸತ್ತದ್ದು ಹೇಗೆಂದು ಕೇಳಿದವರು ಕಡಿಮೆ. ಆಟದ ಪುಸ್ತಕಗಳಲ್ಲಿಯೂ ಅವಳ ಬಲಕ್ಕೆ ಅಂಕಿಗಳಿರುತ್ತವೆ, ಸಾವಿಗೆ ಒಂದು ಸಾಲೂ ಇಲ್ಲದಿರುವುದುಂಟು. ಆ ಒಂದು ಪ್ರಶ್ನೆಯನ್ನು ಕೇಳಿದರೆ ಅವಳ ಬಯಕೆ ಯಾವುದು, ಕೊಡುಗೆ ಯಾವುದು, ಕಟ್ಟು ಯಾವುದು, ಬಿಡುಗಡೆ ಯಾವುದು ಎಂಬುದೆಲ್ಲ ತಾನಾಗಿ ಹೊಳೆಯುತ್ತದೆ. ಮೋಹಿನಿಯನ್ನು ಕಟ್ಟಬಯಸುವ ತರುಣರಿಗೆ ನಾನು ಹೇಳುವುದಿಷ್ಟೆ: ಕನ್ನಡಿಯ ಮುಂದೆ ನಿಲ್ಲಿಸಿ ಅವಳ ಅಲಂಕಾರದಿಂದ ಆರಂಭಿಸಬೇಡಿ, ಯಾರು ಅವಳನ್ನು ದಡದಲ್ಲಿ ಬಿಟ್ಟುಹೋದರು ಎಂಬಲ್ಲಿಂದ ಆರಂಭಿಸಿ.